ಸಂಜೆ ಮಾತ್ರ ನಡುರಸ್ತೆಯಲ್ಲಿ ಆಫ್ ಆಗುವ ಕಾರು, ಗ್ಯಾರೇಜಿನಲ್ಲಿ ಸಾಧು ಹಸು

ಯಲಹಂಕ ನ್ಯೂಟೌನ್:

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಕಾರು, 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಈಗ ನನ್ನ ಕೈಯಲ್ಲಿದೆ. 94 ಸಾವಿರ ಕಿಲೋಮೀಟರ್ ಆಗಿದೆ. ದಿನಾ ವಸಂತನಗರದ ಆಫೀಸಿಗೆ ಹೋಗಿ ಬರುವುದು, ಅಷ್ಟೇ ಅದರ ಕೆಲಸ.

ಒಂದೂವರೆ ತಿಂಗಳಲ್ಲಿ ಮೂರು ಸಲ ಓಡುತ್ತಾ ಓಡುತ್ತಾ ಇಂಜಿನ್ ನಿಂತಿದೆ. ಮೊದಲನೆಯದು ಮೇಖ್ರಿ ಸರ್ಕಲ್ ಅಂಡರ್‌ಪಾಸಿನಲ್ಲಿ. ಎರಡನೆಯದು ಗಂಗಾನಗರದ ಹತ್ತಿರ. ಮೂರನೆಯದು ಹೆಬ್ಬಾಳ ಫ್ಲೈಓವರ್ ಹತ್ತುವಾಗ, ಸಂಜೆ ಆರೂಮುಕ್ಕಾಲಿಗೆ. ಆ ಹೊತ್ತಿನಲ್ಲಿ ಅಲ್ಲಿ ಗಾಡಿ ನಿಂತರೆ ಹಿಂದಿನವರು ಏನೇನು ಅನ್ನುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ.

ನಿಲ್ಲುವ ಮುಂಚೆ ಜರ್ಕ್ ಇಲ್ಲ, ಕೆಮ್ಮು ಇಲ್ಲ. ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ. ಆಮೇಲೆ ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಕೂತು ಮತ್ತೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ಬೆಳಗ್ಗೆ ಹೋಗುವಾಗ ಒಂದು ದಿನವೂ ಹೀಗಾಗಿಲ್ಲ.

ಗ್ಯಾರೇಜಿನಲ್ಲಿ ಪ್ಲಗ್, ಪೆಟ್ರೋಲ್ ಫಿಲ್ಟರ್, ಬ್ಯಾಟರಿ ಮೂರನ್ನೂ ಬದಲಾಯಿಸಿದರು. 8,700 ರೂಪಾಯಿ. ಅದಾಗಿ ನಾಲ್ಕೇ ದಿನಕ್ಕೆ ಹೆಬ್ಬಾಳದ ಕಥೆ. ಮತ್ತೆ ಹೋಗಿ ಕೇಳಿದರೆ, "ಆಫ್ ಆಗಿದ್ದಾಗಲೇ ತಗೊಂಡು ಬನ್ನಿ ಮೇಡಂ, ಆಗ ಗೊತ್ತಾಗುತ್ತೆ" ಅಂದರು. ಆಫ್ ಆದ ಗಾಡಿಯನ್ನು ಹೊತ್ತುಕೊಂಡು ಹೋಗಲಾ? ಈಗ ಫ್ಯುಯೆಲ್ ಪಂಪ್ ಬದಲಾಯಿಸೋಣ ಅನ್ನುತ್ತಿದ್ದಾರೆ. ಹೂಂ ಅನ್ನುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು.

ಮತ್ತಿಕೆರೆ ಮಾಮೂಲಿ:

ಇ20 ಪೆಟ್ರೋಲ್. ಬೇರೇನೂ ಅಲ್ಲ. 2011ರ ಗಾಡಿಗೆ ಅದು ಆಗಿಬರಲ್ಲ.

ಹಳೇ ವರ್ಕ್‌ಶಾಪ್:

ಇ20 ಮೇಲೆ ನನಗೂ ಸಿಟ್ಟಿದೆ. ಅದರಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತದೆ, ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳಿಗೆ ಒಳ್ಳೆಯದಲ್ಲ. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಆದರೆ ಅದೇ ಟ್ಯಾಂಕಿನ ಪೆಟ್ರೋಲಿನಲ್ಲಿ ಬೆಳಗ್ಗೆ ಹೋದ ಗಾಡಿ ಸಂಜೆ ನಿಲ್ಲುತ್ತದೆ, ಇಪ್ಪತ್ತು ನಿಮಿಷಕ್ಕೆ ಎದ್ದು ಹೊರಡುತ್ತದೆ ಅಂದರೆ ತಪ್ಪು ಪೆಟ್ರೋಲಿನದಲ್ಲ, ಬಿಸಿಯದು. ಸಂಜೆಯ ಜಾಮಿನಲ್ಲಿ ಬಾನೆಟ್ ಒಳಗೆ ಗಾಳಿಯೇ ಆಡುವುದಿಲ್ಲ.

ಅಮ್ಮಾ, ಪಂಪಿಗೆ ದುಡ್ಡು ಕೊಡುವುದನ್ನು ಸ್ವಲ್ಪ ತಡೆಯಿರಿ. ಪಂಪು ಹೀಗೆ ಸದ್ದಿಲ್ಲದೆ ಕೈ ಕೊಡುವುದು ಕಡಿಮೆ. ಮೊದಲು ಎಳೆತ ಇಳಿಯುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಇನ್ನೊಮ್ಮೆ ನಿಂತಾಗ ಸೆಲ್ಫ್ ಹೊಡೆಯದೆ ಬರೀ ಕೀ ಆನ್ ಮಾಡಿ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಎರಡು ಸೆಕೆಂಡು ಜೇನುಹುಳದ ಹಾಗೆ ಸದ್ದು ಬಂದರೆ ಪಂಪಿಗೆ ಜೀವ ಇದೆ ಅಂತ. ಹಾಗೇ, ಯಾವಾಗಲೂ ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಇದ್ದರೆ ಬಿಡಿ. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ.

ನನ್ನ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಇಂಜಿನ್ ಈಗ ಎಷ್ಟು ತಿರುಗಿದೆ, ಎಲ್ಲಿದೆ ಅಂತ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು ಅದು. ಸುದ್ದಿ ನಿಂತರೆ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ. ಹಳೇ ಗಾಡಿಗಳಲ್ಲಿ ಅದರೊಳಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬಿಸಿಯಾದಾಗ ಹಿಗ್ಗಿ ಎಲ್ಲೋ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ.

ಗೊತ್ತು ಮಾಡಿಕೊಳ್ಳುವುದು ಹೇಗೆ ಅಂದರೆ, ಆರ್‌ಪಿಎಂ ಮುಳ್ಳು ನೋಡಿ. ಗಾಡಿ ಗೇರಿನಲ್ಲಿ ಉರುಳುತ್ತಿರುವಷ್ಟು ಹೊತ್ತೂ ಚಕ್ರಗಳು ಸತ್ತ ಇಂಜಿನ್ನನ್ನೂ ತಿರುಗಿಸುತ್ತಿರುತ್ತವೆ. ಹಾಗಾಗಿ ಮುಳ್ಳು ವೇಗದ ಜೊತೆ ನಿಧಾನಕ್ಕೆ ಇಳಿಯಬೇಕು. ಗಾಡಿ ಇನ್ನೂ ಓಡುತ್ತಿರುವಾಗಲೇ ಮುಳ್ಳು ದಪ್ಪೆಂದು ಸೊನ್ನೆಗೆ ಬಿದ್ದರೆ ಸುದ್ದಿ ನಿಂತಿದೆ ಅಂತಲೇ. ಸೆಲ್ಫ್ ಹೊಡೆಯುವಾಗಲೂ ಅದು ಒಂಚೂರು ಅಲುಗಬೇಕು. ಎಲ್ಲ ಗಾಡಿಯಲ್ಲೂ ಅಲುಗುವುದಿಲ್ಲ, ಅದಕ್ಕೆ ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾದರೆ ಮಾತ್ರ ಕಥೆ ಬೇರೆ. ಆಗ ಬ್ಯಾಟರಿ ಟರ್ಮಿನಲ್ಲೋ ಕೀ ಸ್ವಿಚ್ಚೋ ನೋಡಬೇಕು.

ಎಚ್‌ಎಸ್‌ಆರ್ ಸೆಕ್ಟರ್ 2:

ಸ್ಟೇರಿಂಗ್ ಕೆಳಗೆ 16 ಪಿನ್ನಿನ ಪೋರ್ಟ್ ಇದ್ದರೆ ಬ್ಲೂಟೂತ್ ಸ್ಕ್ಯಾನರ್ ಹಾಕಿ ನೋಡಿ. ಪಿ0335 ಬಂದರೆ ಅದು ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನ ಕೋಡ್. ಏನೂ ಬರದಿದ್ದರೆ ಸೆನ್ಸರ್ ಚೆನ್ನಾಗಿದೆ ಅಂತ ನಂಬಬೇಡಿ. ನನ್ನದರಲ್ಲಿ ಎರಡು ತಿಂಗಳು ಸತಾಯಿಸಿ ಆಮೇಲೆ ಕೋಡ್ ಬಂತು.

ಏರ್‌ಪೋರ್ಟ್ ಟ್ರಿಪ್:

ನಾನು ಕ್ಯಾಬ್ ಓಡಿಸೋನು, ಅದೇ ರೋಡು. ಮೇಡಂ, ರಿಪೇರಿ ಆಗೋವರೆಗೂ ಫ್ಲೈಓವರ್ ಬಿಟ್ಟು ಕೆಳಗಡೆ ಎಡಪಕ್ಕದಲ್ಲೇ ಹೋಗಿ. ಇಂಜಿನ್ ನಿಂತರೆ ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ. ಸ್ಟೇರಿಂಗ್ ಕಲ್ಲಿನ ಹಾಗೆ ಆಗುತ್ತೆ, ಆದರೂ ತಿರುಗುತ್ತೆ, ಗಾಬರಿ ಬೇಡ. ಬ್ರೇಕನ್ನ ಪದೇ ಪದೇ ತುಳೀಬೇಡಿ. ಎರಡು ಮೂರು ಸಲಕ್ಕೆ ಬೂಸ್ಟರ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತೆ. ಒಂದೇ ಸಲ ಒತ್ತಿ ಹಿಡೀರಿ. ಗಾಡಿ ಪೂರ್ತಿ ನಿಲ್ಲೋ ಮುಂಚೆ ಕೀ ಮಾತ್ರ ಈಚೆಗೆ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗಿಬಿಡುತ್ತೆ. ನನ್ನ ಕಣ್ಣೆದುರೇ ಒಬ್ಬರು ಹಾಗೆ ಮಾಡಿ ಡಿವೈಡರ್ ಹತ್ತಿಸಿದರು.

ಸಹಕಾರನಗರ:

ನನಗೂ ಇದೇ ಕಾಯಿಲೆ. ಉತ್ತರ ಸಿಕ್ಕರೆ ಹಾಕಿ.

ಯಲಹಂಕ ನ್ಯೂಟೌನ್:

ನಿನ್ನೆ ನಾಲ್ಕನೇ ಸಲ ನಿಂತಿತು, ಅರಮನೆ ಮೈದಾನದ ಗೋಡೆ ಪಕ್ಕ. ಈ ಸಲ ಬೈದುಕೊಳ್ಳುವ ಬದಲು ಮೀಟರ್ ನೋಡಿದೆ. ಮೂರನೇ ಗೇರು, ವೇಗ ಮೂವತ್ತರ ಹತ್ತಿರ. ಮುಳ್ಳು ಒಂದೇ ಏಟಿಗೆ ಸೊನ್ನೆ. ದೀಪಗಳೆಲ್ಲ ಇದ್ದವು, ಎಫ್‌ಎಂ ಕೂಡ ಹಾಡುತ್ತಲೇ ಇತ್ತು. ಕೀ ಆನ್ ಮಾಡಿದರೆ ಹಿಂದೆ ಜೇನುಹುಳ ಸರಿಯಾಗಿ ಗುಂಯ್ ಅಂತು. ಬೆಳಗ್ಗೆ ಸೆಲ್ಫ್ ಹೊಡೆದಾಗ ಅಲುಗುವ ಮುಳ್ಳು ಸಂಜೆ ಅಲುಗಲೇ ಇಲ್ಲ. ಆದರೆ ಇದನ್ನು ಗ್ಯಾರೇಜಿನವರು ನಂಬಬೇಕಲ್ಲ?

ಹಳೇ ವರ್ಕ್‌ಶಾಪ್:

ಅವರ ಎದುರಿಗೇ ನಿಲ್ಲಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಾನೆಟ್ ಮುಚ್ಚಿ, ಎಸಿ ಹಾಕಿ, ನಿಂತಲ್ಲೇ ಮುಕ್ಕಾಲು ಗಂಟೆ ಓಡಿಸಲಿ. ನಿಂತ ತಕ್ಷಣ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಒತ್ತಿ ಹಿಡಿಯಲಿ, ಸೈಲೆನ್ಸರ್ ಪೈಪಿಗೆ ಕೈ ತಗುಲದ ಹಾಗೆ. ಐದು ನಿಮಿಷದಲ್ಲಿ ಸ್ಟಾರ್ಟ್ ಆದರೆ ಇನ್ನೇನು ಸಾಕ್ಷಿ ಬೇಕು.

ಯಲಹಂಕ ನ್ಯೂಟೌನ್:

ಆಯಿತು ಸರ್! ಶನಿವಾರ 35 ನಿಮಿಷಕ್ಕೇ ಗ್ಯಾರೇಜಿನಲ್ಲಿ ನಿಂತಿತು. ಗಾಡಿ ಕೆಟ್ಟಿತು ಅಂತ ನಾನು ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಒದ್ದೆ ಬಟ್ಟೆ ಹಿಡಿದರು, ಸ್ಟಾರ್ಟ್ ಆಯಿತು. ಜೆ.ಸಿ. ರಸ್ತೆಯಿಂದ ಹೊಸ ಸೆನ್ಸರ್ ತರಿಸಿ ಹಾಕಿದರು. ಕೂಲಿ ಸೇರಿ 1,650.

ಹಳೆಯದನ್ನು ಮನೆಗೆ ತಂದೆ. ಅಪ್ಪ ಎಚ್‌ಎಂಟಿಯಲ್ಲಿದ್ದವರು, ಅವರ ಮಲ್ಟಿಮೀಟರ್ ಇನ್ನೂ ಬಿಸ್ಕತ್ ಡಬ್ಬಿಯಲ್ಲಿ ಜೋಪಾನವಾಗಿದೆ. ಸೆನ್ಸರಿನ ಎರಡು ಪಿನ್ನಿಗೆ ಮೀಟರ್ ಹಿಡಿದು ನೋಡಿದರು, 870 ಓಮ್. ನಾನು ಹೇರ್ ಡ್ರೈಯರ್ ಹಿಡಿದೆ. 900, 950, ಸಾವಿರ... ಬಿಸಿಯಾದರೆ ಸ್ವಲ್ಪ ಏರುವುದು ಸಹಜ ಅಂದರು ಅಪ್ಪ. 1,040ಕ್ಕೆ ಬಂದದ್ದೇ ತಡ, ಪರದೆಯಲ್ಲಿ 'ಓಎಲ್'. ತಂತಿ ಕಡಿದಂತೆಯೇ. ಕಿಟಕಿಯ ಹತ್ತಿರ ಇಟ್ಟು ಕಾಫಿ ಕುಡಿದು ಬಂದರೆ ಮತ್ತೆ 880. ಅಪ್ಪ ಇದನ್ನು ಮೂರು ಸಲ ಮಾಡಿಸಿದರು, ಮೂರನೇ ಸಲ ಪಕ್ಕದ ಮನೆಯವರನ್ನೂ ಕರೆದು.

ಸಹಕಾರನಗರದವರೇ, ನಿಮ್ಮದಕ್ಕೂ ಮೊದಲು ಮುಳ್ಳು ನೋಡಿ.

ಹಳೇ ವರ್ಕ್‌ಶಾಪ್:

ಭೇಷ್. ನಿಮ್ಮದು ಎರಡು ಪಿನ್ನಿನದು, ಅದಕ್ಕೆ ಓಮ್ ಲೆಕ್ಕ ನಡೆಯಿತು. ಮೂರು ಪಿನ್ನಿನದಾದರೆ ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ, ಹೀಗೆ ಅಳೆದರೆ ಏನೂ ತಿಳಿಯುವುದಿಲ್ಲ. ಅದಿರಲಿ, ಹೊಸದರ ವೈರನ್ನು ಸೈಲೆನ್ಸರ್ ಪೈಪಿನಿಂದ ದೂರಕ್ಕೆ ಕ್ಲಿಪ್ ಮಾಡಿದ್ದಾರಾ?

ಯಲಹಂಕ ನ್ಯೂಟೌನ್:

ಈಗ ಕೆಳಗೆ ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಮಾಡಿಲ್ಲ, ಜೋತಾಡುತ್ತಿದೆ. ನಾಳೆ ಬೆಳಗ್ಗೆ ಮೊದಲ ಕೆಲಸ ಅದೇ.