ಅಪ್‌ಡೇಟ್: ಪಿಎಚ್‌ಪಿಯಿಂದ ಡೇಟಾಬೇಸ್ ಸಿಗ್ತು, ತಪ್ಪು ಒಂದೇ ಪದದ್ದು

ಹೋದ ವಾರ ಕೇಳಿದ್ದೆ ಅಲ್ವಾ, ಮಡಿಕೇರಿಯ ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಕಾಫಿ ಕುಯ್ಲಿನ ಲೆಕ್ಕ ಇಡೋ ಪಿಎಚ್‌ಪಿ ಸ್ಕ್ರಿಪ್ಟ್ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಕನೆಕ್ಟ್ ಆಗ್ತಿಲ್ಲ, ಎರರ್ 2002 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತ ಬರುತ್ತೆ ಅಂತ. ಸರಿಯಾಯ್ತು!

ನಾನು ಎರಡು ದಿನ ಸುಮ್ನೆ 3306 ಪೋರ್ಟ್ (ಮೈಎಸ್‌ಕ್ಯೂಎಲ್ ನೆಟ್‌ವರ್ಕ್ ಕನೆಕ್ಷನ್ ತಗೊಳ್ಳೋ ನಂಬರ್), ಫೈರ್‌ವಾಲ್ ಅಂತ ಹುಡುಕಾಡಿದೆ, ಮಳೆಗೆ ಕರೆಂಟ್ ಬೇರೆ ಹೋಗಿ ಬಂದು ಮಾಡ್ತಿತ್ತು. ವಿಷಯ ಏನಂದ್ರೆ, ಸ್ಕ್ರಿಪ್ಟ್‌ನಲ್ಲಿ ಹೋಸ್ಟ್ (ಡೇಟಾಬೇಸ್ ಇರೋ ಕಂಪ್ಯೂಟರ್) ಜಾಗದಲ್ಲಿ ಲೋಕಲ್‌ಹೋಸ್ಟ್, ಅಂದ್ರೆ ಇದೇ ಕಂಪ್ಯೂಟರ್, ಅಂತ ಬರೆದರೆ ಲಿನಕ್ಸ್‌ನಲ್ಲಿ ಪಿಎಚ್‌ಪಿ ಪೋರ್ಟ್ ಕಡೆ ತಿರುಗಿಯೂ ನೋಡೋದಿಲ್ಲ, ಸಾಕೆಟ್ ಫೈಲ್ (ಒಂದೇ ಕಂಪ್ಯೂಟರ್‌ನ ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡೋ ಫೈಲ್) ಹುಡುಕುತ್ತದೆ. ನನ್ನಲ್ಲಿ ಆ ಫೈಲ್ ಇದ್ದದ್ದೇ ಬೇರೆ ಫೋಲ್ಡರ್‌ನಲ್ಲಿ. ಎರರ್‌ನಲ್ಲಿ ಫೈಲ್ ಇಲ್ಲ ಅಂತ ನೇರವಾಗಿಯೇ ಹೇಳಿತ್ತು, ನಾನೇ ಓದಲಿಲ್ಲ. ಲೋಕಲ್‌ಹೋಸ್ಟ್ ತೆಗೆದು ಇದೇ ಕಂಪ್ಯೂಟರ್‌ನ ಐಪಿ ವಿಳಾಸ 127.0.0.1 ಅಂತ ಬದಲಾಯಿಸಿದೆ, ಆಗ ಪೋರ್ಟ್ ಮೂಲಕ ಹೋಗಿ ತಕ್ಷಣ ಕನೆಕ್ಟ್ ಆಯ್ತು.

ಆಮೇಲೆ ಇನ್ನೊಂದು ಕಾಟ. ಕೆಲಸದವರ ಹೆಸರೆಲ್ಲ ಬರೀ ಪ್ರಶ್ನೆ ಚಿಹ್ನೆ! ಟೇಬಲ್ ಸರಿಯಾಗಿಯೇ ಇತ್ತು, ಕನೆಕ್ಷನ್‌ನಲ್ಲಿ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಕೋಡ್ ಮಾಡೋ ರೀತಿ) ಯುಟಿಎಫ್8ಎಂಬಿ4 ಅಂತ ಕೊಟ್ಟ ಮೇಲೆ ಕನ್ನಡ ಚೆನ್ನಾಗಿ ಬರ್ತಿದೆ. ಆದರೆ ಮೊದಲೇ ಪ್ರಶ್ನೆ ಚಿಹ್ನೆಯಾಗಿ ಸೇವ್ ಆದ ಹೆಸರುಗಳು ವಾಪಸ್ ಬರೋದಿಲ್ಲ. ಅಪ್ಪನ ಹಳೇ ಪುಸ್ತಕ ನೋಡ್ಕೊಂಡು ಈಗ ಮತ್ತೆ ಟೈಪ್ ಮಾಡ್ತಾ ಕೂತಿದ್ದೇನೆ.