ಫಸ್ಟ್ ಪಿಯು ಕೆಮಿಸ್ಟ್ರಿ: ಟ್ಯೂಷನ್ನಾ, ಮಾಡೆಲ್ ಕಿಟ್ಟಾ? ಅನುಭವ ಇದ್ದೋರು ಹೇಳಿ

ಹಾಸನದ ಅಪ್ಪ: ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಸಿಎಂಬಿ ತಗೊಂಡಿದ್ದಾಳೆ. ಕೆಮಿಕಲ್ ಬಾಂಡಿಂಗ್ (ಪರಮಾಣುಗಳು ಒಂದಕ್ಕೊಂದು ಬೆಸೆಯೋದು) ಪಾಠದಲ್ಲಿ ಸಿಕ್ಕಿಹಾಕ್ಕೊಂಡಿದ್ದಾಳೆ. ಅಣುಗಳ ಆಕಾರ, ಕೋನ ಯಾವುದೂ ಕಣ್ಣಿಗೆ ಕಟ್ಟಲ್ಲ ಅಂತಾಳೆ. ಲ್ಯಾಬ್ ಅಂದ್ರೆ ಭಯ ಬೇರೆ, ಆಸಿಡ್ ಬಾಟಲಿ ಮುಟ್ಟಲ್ಲ. ಟ್ಯೂಷನ್‌ಗೆ ಹಾಕ್ಲಾ, ಗುಂಡು-ಕಡ್ಡಿ ಜೋಡಿಸಿ ಅಣು ಕಟ್ಟೋ ಕಿಟ್ ತರ್ಲಾ?

ಶಿವಮೊಗ್ಗ ಅಮ್ಮ: ಕಣ್ಮುಚ್ಚಿ ಕಿಟ್ ತಗೊಳ್ಳಿ. ನಾವು 1,150 ಕೊಟ್ವಿ, ಕೊರಿಯರ್ 90 ಬೇರೆ. ಬಂದ ಡಬ್ಬದಲ್ಲಿ ಕಾರ್ಬನ್ನಿನ ಕಪ್ಪು ಗುಂಡು ನಾಲ್ಕು ಕಮ್ಮಿ. ವಾಪಸ್ ಕಳಿಸೋಕೆ 140 ನಮ್ಮ ಕೈಯಿಂದಾನೇ. ಎರಡನೇ ಡಬ್ಬದಲ್ಲಿ ಡಬಲ್ ಬಾಂಡಿನ ಬಗ್ಗೋ ಕಡ್ಡಿ ಮುರಿದಿತ್ತು, ಅದಕ್ಕೆ ಉತ್ತರ ಕೊಡೋ ಪುಣ್ಯಾತ್ಮರೇ ಇಲ್ಲ. ಆದ್ರೂ ಮಗ ಮೀಥೇನ್ (ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್) ಕಟ್ಟಿ ಕೈಯಲ್ಲಿ ತಿರುಗಿಸಿ ನೋಡಿದ್ಮೇಲೆ ಬಂಧಗಳ ನಡುವಿನ ಕೋನ 109.5 ಡಿಗ್ರಿ ಅಂತ ಉರು ಹೊಡೆಯೋ ಕೆಲಸ ತಪ್ತು. ಬೋರ್ಡ್ ಮೇಲಿನ ಚಪ್ಪಟೆ ಚಿತ್ರ ನೋಡಿ ಅಲ್ಲಿವರೆಗೂ 90 ಅಂತ ಬರೀತಿದ್ದ.

ಬಲೂನ್ ಮೇಷ್ಟ್ರು: ಹತ್ತು ರೂಪಾಯಿ ಬಲೂನಿನಲ್ಲಿ ಆಗೋದಕ್ಕೆ ಸಾವಿರಾರು ಸುರಿಯೋದು ಶೋಕಿ ಅಷ್ಟೇ. ನಾಲ್ಕು ಬಲೂನ್ ಒಂದೇ ಅಳತೆಗೆ ಊದಿ, ಎರಡೆರಡು ಜೋಡಿ ಕಟ್ಟಿ, ಆ ಜೋಡಿಗಳನ್ನ ನಡುವೆ ತಿರುಚಿ ಬಿಡಿ. ಎಲೆಕ್ಟ್ರಾನ್ ಜೋಡಿಗಳ ಥರಾನೇ ತಾವಾಗೇ ನೂಕಾಡಿಕೊಂಡು ಮೀಥೇನ್ ಆಕಾರಕ್ಕೆ ಬಂದು ನಿಲ್ತವೆ. ಒಂದನ್ನ ಜಾಸ್ತಿ ಊದಿದ್ರೆ ಅದೇ ಅಮೋನಿಯಾದ ಲೋನ್ ಪೇರ್ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ), ಉಳಿದ ಮೂರು ಹತ್ತಿರ ಸರೀತವೆ, ಕೋನ 107. ನೀರಿಗೆ ಅಂಥವು ಎರಡು, 104.5. ಕಿಟ್‌ನಲ್ಲಿ ತೂತು ಮೊದಲೇ ಕೊರೆದಿರುತ್ತೆ, ಯಾಕೆ ಅಲ್ಲೇ ಅಂತ ಮಕ್ಕಳು ಕೇಳೋದೇ ಇಲ್ಲ. ಕಡ್ಡಿ ಟಕ್ ಅಂತ ಕಿತ್ತು ಬಂದಾಗ, ಬಂಧ ಮುರಿದ್ರೆ ಶಕ್ತಿ ಹೊರಗೆ ಬರುತ್ತೆ ಅಂದ್ಕೊಂಡು ಪರೀಕ್ಷೆಯಲ್ಲೂ ಹಂಗೇ ಬರೀತಾರೆ.

ಶಿವಮೊಗ್ಗ ಅಮ್ಮ: ಶಕ್ತಿ ಹೊರಗೆ ಬರದೆ ಮತ್ತೆ? ಗ್ಯಾಸ್ ಒಲೆ ಉರಿಯೋದು ಹೇಗೆ ಸಾರ್? ಶೋಕಿ ಅಂದಿದ್ದು ವಾಪಸ್ ತಗೊಳ್ಳಿ.

ಬಲೂನ್ ಮೇಷ್ಟ್ರು: ಒಂದು ಮೋಲ್, ಅಂದ್ರೆ ಸುಮಾರು ಎರಡು ಗ್ರಾಂ, ಹೈಡ್ರೋಜನ್ನಿನ ಬಂಧ ಮುರಿಯೋಕೆ ನಾವೇ 436 ಕಿಲೋಜೌಲ್ ಕೊಡಬೇಕು. ಒಲೆಯಲ್ಲಿ ಹೊಸದಾಗಿ ಕಾರ್ಬನ್ ಡೈಆಕ್ಸೈಡ್, ನೀರು ಕೂಡುವಾಗ ಬರೋದು ಕೊಟ್ಟಿದ್ದಕ್ಕಿಂತ ಜಾಸ್ತಿ. ಆ ಮಿಗತೆಯಲ್ಲಿ ನಿಮ್ಮ ಅನ್ನ ಬೇಯೋದು. ವಾಪಸ್ ತಗೊಳ್ಳೋದೇನೂ ಇಲ್ಲ.

ಧಾರವಾಡ ಲ್ಯಾಬ್ ಅಟೆಂಡರ್ (ನಿವೃತ್ತ): ನಿಮ್ಮ ಒಲಿ ಆಮ್ಯಾಲೆ ಹಚ್ಚರಿ. ಒಬ್ಬ ಹುಡುಗ ಸಲ್ಫ್ಯೂರಿಕ್ ಆಸಿಡ್ಡಿನ ಬೀಕರಿಗೆ ನೀರು ಸುರವಿದ. ಆಸಿಡ್ ಭಾರ, ನೀರು ಹಗುರ. ಮ್ಯಾಲೆ ನಿಂತು ಅಲ್ಲೇ ಕುದ್ದು ಸಿಡೀತು. ನನ್ನ ಮುಂಗೈ ಮ್ಯಾಲೆ ಕಲಿ ಇನ್ನೂ ಅದ. ಡಾಕ್ಟರ್‌ಗೆ 300, ಮುಲಾಮಿಗೆ 85, ಹೊಸದಾಗಿ ಹೊಲಿಸಿದ ಪ್ಯಾಂಟ್ 620, ತೊಡಿ ಮ್ಯಾಲೆ ಜಾಳಿಗಿ ಆಗಿತ್ತು. ಬಿಲ್ ಕೊಟ್ಟೆ, ಪ್ಯಾಂಟು ನಿಯಮದಾಗ ಬರೂದಿಲ್ಲ ಅಂದ್ರು. ಯಾವಾಗಲೂ ನೀರಿಗೇ ಆಸಿಡ್, ಅದೂ ಸಣ್ಣಗ, ಕಡ್ಡಿ ಆಡಿಸ್ಕೋತ. ಕಣ್ಣಿಗೆ ಸಿಡದ್ರ ನಳದ ಕೆಳಗ 15 ನಿಮಿಷ ತೊಳೀರಿ, ಆಮ್ಯಾಲೆ ದವಾಖಾನಿ. ಕಾಸ್ಟಿಕ್ ಸೋಡಾ ಅಂತೂ ಕಣ್ಣಿಗೆ ಆಸಿಡ್ಡಿಗಿಂತ ಕೆಟ್ಟದ್ದು, ಒಳಗಿಳೀತದ.

ಬೆಂಗಳೂರಿಗ: ನಮ್ಮನೇಲಿ ಕಾಲೇಜು ಪಾಠ, ಎಂಟ್ರೆನ್ಸ್ ತಯಾರಿ ಒಟ್ಟಿಗೇ ಇರೋ ಇಂಟಿಗ್ರೇಟೆಡ್ ಕೋಚಿಂಗ್‌ಗೆ 1.8 ಲಕ್ಷ ಕಟ್ಟಿದ್ವಿ. ಪ್ರಾಕ್ಟಿಕಲ್‌ಗೆ 30 ಅಂಕ ಇದೆ, ಲ್ಯಾಬ್ ಬಾಗಿಲು ತೆಗೆದಿದ್ದು ಪರೀಕ್ಷೆ ತಲೆಮೇಲೆ ಬಂದಾಗ. ಏಪ್ರನ್ ಅವರ ಅಂಗಡಿಯಲ್ಲೇ ಕೊಳ್ಳಬೇಕು, 650. ಚಿಕ್ಕಪೇಟೆಯಲ್ಲಿ 280ಕ್ಕೆ ಕಾಟನ್ ಸಿಕ್ತು, ಬಿಳುಪು ಮ್ಯಾಚ್ ಆಗಲ್ಲ ಅಂತ ವಾಪಸ್ ಕಳಿಸಿದ್ರು! ಅವರದ್ದು ಪಾಲಿಯೆಸ್ಟರ್, ಬೆಂಕಿ ತಗುಲಿದ್ರೆ ಕರಗಿ ಮೈಗೆ ಅಂಟುತ್ತೆ. ನೀವಿಲ್ಲಿ 1,150ಕ್ಕೆ ಜಗಳ ಆಡ್ತಿದ್ದೀರಿ, ನಗು ಬರುತ್ತೆ.

ಶಿವಮೊಗ್ಗ ಅಮ್ಮ: 1.8 ಲಕ್ಷ ಕೊಟ್ಟು ಬೋಳಿಸ್ಕೊಂಡೋರು ನಗೋದು ಬೇಡ.

ಎಮ್ಮೆಸ್ಸಿ ಹುಡುಗ: ಗುಂಡು, ಬಲೂನು ಎರಡೂ ಆಕ್ಸಿಜನ್ ಹತ್ರ ಕೈಕೊಡ್ತವೆ. ಎಲೆಕ್ಟ್ರಾನಿಗೊಂದು ಚುಕ್ಕಿ ಇಟ್ಟು ಬರೆದ್ರೆ ಎಲ್ಲಾ ಜೋಡಿ ಜೋಡಿ. ದ್ರವ ಆಕ್ಸಿಜನ್ನನ್ನ ಗಟ್ಟಿ ಅಯಸ್ಕಾಂತದ ಧ್ರುವಗಳ ನಡುವೆ ಸುರಿದ್ರೆ ಅಲ್ಲೇ ನೇತಾಡುತ್ತೆ, ಅಂದ್ರೆ ಒಂಟಿ ಎಲೆಕ್ಟ್ರಾನ್ ಎರಡಿವೆ. ಮಾಲಿಕ್ಯುಲರ್ ಆರ್ಬಿಟಲ್ (ಎಲೆಕ್ಟ್ರಾನ್ ಇಡೀ ಅಣುವಿಗೆ ಸೇರಿದ್ದು ಅನ್ನೋ ಲೆಕ್ಕ) ಇಲ್ಲದೆ ಇದನ್ನ ಹೆಂಗೆ ವಿವರಿಸ್ತೀರಿ?

ಬಲೂನ್ ಮೇಷ್ಟ್ರು: ಫಸ್ಟ್ ಪಿಯು ಮಗೂಗೆ ಅದೆಲ್ಲ ಯಾಕಪ್ಪಾ? ಡಿಗ್ರಿ ಪ್ರದರ್ಶನ ಬೇರೆ ಕಡೆ ಇಟ್ಕೋ.

ಎಮ್ಮೆಸ್ಸಿ ಹುಡುಗ: ಅದೇ ಪಾಠದ ಕೊನೇಲೇ ಇದೆ ಸಾರ್. ಪುಸ್ತಕ ತೆಗೆದು ಎಷ್ಟು ವರ್ಷ ಆಯ್ತು?

ಹಾಸನದ ಅಪ್ಪ: ಎಲ್ಲರಿಗೂ ಧನ್ಯವಾದ. ಟ್ಯೂಷನ್ ಬಗ್ಗೆ ಯಾರಾದ್ರೂ…

ಧಾರವಾಡ ಲ್ಯಾಬ್ ಅಟೆಂಡರ್ (ನಿವೃತ್ತ): ಬೆಂಗಳೂರಿನವರ, ಆ 280ರ ಕಾಟನ್ ಏಪ್ರನ್ ಅಂಗಡಿ ಚಿಕ್ಕಪೇಟಿಯಾಗ ಯಾವ ಓಣಿರಿ? ಮೊಮ್ಮಗಳಿಗೆ ಬೇಕಾಗೇದ.