ಕಾಂತಾರದ ‘ಅಧ್ಯಾಯ 1’ ನನಗೆ ಹಿಡಿಸಲಿಲ್ಲ: ತಪ್ಪು ಚಿತ್ರದ್ದೋ, ನನ್ನದೋ, ಟಾಕೀಸಿನದೋ?

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ:

ನಾನು ಸಿನಿಮಾ ಪಂಡಿತನಲ್ಲ. ಮೊಬೈಲಿನಲ್ಲಿ ಚಿತ್ರ ನೋಡಿದರೆ ಕಣ್ಣು ನೋಯುವ ವಯಸ್ಸಿನವನು; ಹಾಗಾಗಿ ವರ್ಷಕ್ಕೆ ನಾಲ್ಕೈದು ಚಿತ್ರಗಳನ್ನು ಟಾಕೀಸಿಗೇ ಹೋಗಿ ನೋಡುವ ಪ್ರೌಢಶಾಲಾ ಶಿಕ್ಷಕ. 2025ರಲ್ಲಿ ನೋಡಿದ ಎರಡು ಕನ್ನಡ ಚಿತ್ರಗಳ ಬಗ್ಗೆ ನಮ್ಮ ಮನೆಯಲ್ಲಿ ಎದ್ದ ವಾದ ಇನ್ನೂ ಮುಗಿದಿಲ್ಲ. ಮಗನ ಪ್ರಕಾರ ನನಗೆ ರುಚಿಯೇ ಇಲ್ಲ. ಹೊರಗಿನವರು ಏನೆನ್ನುತ್ತಾರೆ ಎಂದು ಕೇಳಲು ಬಂದಿದ್ದೇನೆ.

ಜುಲೈ 25ಕ್ಕೆ ತೆರೆಕಂಡ ‘ಸು ಫ್ರಮ್ ಸೋ’ ಚಿತ್ರಕ್ಕೆ ನಾನು ಹೋದದ್ದು ಅಕಸ್ಮಾತ್ತಾಗಿ. ಬ್ಯಾಂಕಿನ ಕೆಲಸ ಬೇಗ ಮುಗಿಯಿತು, ಹೊರಗೆ ಮಳೆ ಹನಿಯುತ್ತಿತ್ತು, ಎದುರಿಗೆ ಟಾಕೀಸು ಕಂಡಿತು. ಹೆಸರು ಕೇಳಿ ಇಂಗ್ಲಿಷ್ ಚಿತ್ರವೇ ಇರಬೇಕೆಂದುಕೊಂಡಿದ್ದೆ. ಸೋಮೇಶ್ವರದ ಸುಲೋಚನಾ ಎಂಬುದರ ಗಿಡ್ಡ ರೂಪ ಅದು ಎಂದು ತಿಳಿದದ್ದು ಒಳಗೆ ಕುಳಿತ ಮೇಲೆ. ಆ ಆಟಕ್ಕೆ ಇಪ್ಪತ್ತು ಜನ ಇದ್ದರೆ ಹೆಚ್ಚು. ಮರುವಾರ ಮನೆಯವರನ್ನು ಕರೆದುಕೊಂಡು ಹೋದಾಗ ಬಾಲ್ಕನಿಯಲ್ಲಿ ಸೀಟೇ ಉಳಿದಿರಲಿಲ್ಲ. ಪರಿಚಿತ ನಾಯಕನಿಲ್ಲದ, ನಿರ್ದೇಶಕ ಜೆ.ಪಿ. ತುಮಿನಾಡು ಅವರೇ ಅಶೋಕನ ಪಾತ್ರ ಮಾಡಿದ ಆ ಚಿತ್ರವನ್ನು ನೋಡುವಾಗ ಒಂದು ಊರಿನೊಳಗೇ ಹೋಗಿ ಕುಳಿತಂತಾಯಿತು. ಅಲ್ಲಿಯ ರವಿಯಣ್ಣನಂಥವರು ನಮ್ಮ ಓಣಿಯಲ್ಲೂ ಇಬ್ಬರಿದ್ದಾರೆ.

ಅಕ್ಟೋಬರ್ 2ರಂದು ವಿಜಯದಶಮಿಯ ದಿನ ಬಿಡುಗಡೆಯಾದ ‘ಕಾಂತಾರ: ಅಧ್ಯಾಯ 1’ಕ್ಕೆ ಮಾತ್ರ ನಾವು ಮೊದಲೇ ಟಿಕೆಟ್ ತೆಗೆಸಿ, ಹಬ್ಬದ ಊಟ ಮುಗಿಸಿ, ಸಜ್ಜಾಗಿಯೇ ಹೋದೆವು. ಕಾಡಿನ ಜನ ಮೊದಲ ಬಾರಿ ಬಂಗ್ರ ಅರಸರ ಪೇಟೆಗೆ ಬಂದು, ತಮ್ಮ ನೆಲದಲ್ಲಿ ಬೆಳೆಯುವ ಸಾಂಬಾರ ಪದಾರ್ಥಕ್ಕೆ ಬಂದರಿನಲ್ಲಿ ಎಂಥ ಬೆಲೆಯಿದೆ ಎಂದು ಕಣ್ಣಾರೆ ಕಾಣುವ ಭಾಗ ನನಗೆ ಬಹಳ ಸೇರಿತು. ಅಂಕೆ ತಪ್ಪಿದ ರಥ ಪೇಟೆಯೊಳಗೆ ನುಗ್ಗುವ ದೃಶ್ಯಕ್ಕೆ ನಾನೂ ಸೀಟಿನ ಅಂಚಿಗೆ ಬಂದಿದ್ದೆ. ಆಮೇಲೆ ಆಮೇಲೆ ಕಾಳಗದ ಮೇಲೆ ಕಾಳಗ, ಗದ್ದಲದ ಮೇಲೆ ಗದ್ದಲ. ಎರಡೂಮುಕ್ಕಾಲು ಗಂಟೆಯ ಚಿತ್ರದಲ್ಲಿ ಕೊನೆಯ ಒಂದು ಗಂಟೆ ಯಾರು ಏನು ಹೇಳಿದರೆಂಬುದೇ ನನಗೆ ಕೇಳಿಸಲಿಲ್ಲ. 2022ರ ಮೊದಲ ‘ಕಾಂತಾರ’ದಲ್ಲಿ ದೈವ ನಮ್ಮನ್ನು ಕಾಯಿಸಿ ಕಾಯಿಸಿ ಕೊನೆಗೆ ನಾಯಕನ ಮೈಮೇಲೆ ಬಂದಿತ್ತು. ಅದು ಬಂದಾಗ ಟಾಕೀಸಿನಲ್ಲಿ ಶೇಂಗಾ ತಿನ್ನುತ್ತಿದ್ದವರೂ ಕೈ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಇಲ್ಲಿ ದೈವದ ಆವೇಶ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಎರಡನೆಯ ಸಲಕ್ಕೆ ನನ್ನ ರೋಮಾಂಚನ ಅರ್ಧಕ್ಕಿಳಿದಿತ್ತು. ಮೂರು ಸಲ ನೋಡಿ ಬಂದಿರುವ ಮಗ, “ಅಪ್ಪಾ, ನಿಮಗ ವಯಸ್ಸಾತು” ಎಂದು ಎದ್ದು ಹೋದ.

ನನ್ನಂತೆ ಅನಿಸಿದವರು ಬೇರೆ ಯಾರಾದರೂ ಇದ್ದಾರೆಯೇ? ಅನಿಸದವರೂ ಬರೆಯಿರಿ, ಆದರೆ ಕಾರಣ ಕೊಟ್ಟು ಬರೆಯಿರಿ.

ಗುಮ್ಮಟದೂರಿನವ, ವಿಜಯಪುರ:

ಮಾಸ್ತರರೇ, ನಿಮ್ಮ ಬರಹದಲ್ಲಿ ಒಂದು ವಾಕ್ಯದ ಮೇಲೆ ನಾನು ಬೆರಳಿಡುತ್ತೇನೆ. ಕೊನೆಯ ಒಂದು ಗಂಟೆ ಯಾರು ಏನು ಹೇಳಿದರೆಂದು ಕೇಳಿಸಲಿಲ್ಲ ಎಂದಿದ್ದೀರಿ. ಕೇಳಿಸದ ಚಿತ್ರದ ಬಗ್ಗೆ ತೀರ್ಪು ಕೊಡುವುದು ಹೇಗೆ?

ನಾನು ಹತ್ತು ವರ್ಷ ಮದುವೆ, ಜಾತ್ರೆಗಳಿಗೆ ಮೈಕು, ಸ್ಪೀಕರ್ ಹಾಕುವ ಕೆಲಸ ಮಾಡಿದವನಾದ್ದರಿಂದ ಕಿವಿ ಮೊದಲು ಅಲ್ಲಿಗೇ ಹೋಗುತ್ತದೆ. ಈ ಚಿತ್ರವನ್ನು ಮೊದಲು ನಮ್ಮೂರಿನ ಒಂದು ಹಳೆಯ ಟಾಕೀಸಿನಲ್ಲಿ ನೋಡಿದಾಗ ನನಗೂ ನಿಮ್ಮಂತೆಯೇ ತಲೆ ನೋವು ಬಂದಿತ್ತು. ಗೋಳಗುಮ್ಮಟದಲ್ಲಿ ಏಳು ಜನ ಒಟ್ಟಿಗೆ ಕೂಗಿದಂತಿತ್ತು ಎಂದರೆ ನಮ್ಮೂರಿನವರಿಗೆ ಅರ್ಥವಾಗುತ್ತದೆ. ಎರಡು ವಾರದ ನಂತರ ಒಂದು ಮದುವೆಗೆಂದು ಹುಬ್ಬಳ್ಳಿಗೆ ಹೋದಾಗ ಮಲ್ಟಿಪ್ಲೆಕ್ಸಿನಲ್ಲಿ ಅದನ್ನೇ ಮತ್ತೆ ನೋಡಿದೆ, ಬೇರೆಯದೇ ಚಿತ್ರ ನೋಡಿದಂತಾಯಿತು. ಕಾರಣ ಸರಳ. ಸಿನಿಮಾದ ಧ್ವನಿಯಲ್ಲಿ ಪಾತ್ರಗಳ ಮಾತು ಬಹುಮಟ್ಟಿಗೆ ಪರದೆಯ ಹಿಂದೆ ನಟ್ಟನಡುವೆ ಇರುವ ಸ್ಪೀಕರಿನಿಂದ ಬರುತ್ತದೆ. ಸಂಗೀತ ಮುಖ್ಯವಾಗಿ ಎಡಬಲದ ಸ್ಪೀಕರುಗಳಿಂದ ಬರುತ್ತದೆ. ಕಾಡಿನ ಸದ್ದು, ಬಾಣದ ಸದ್ದುಗಳು ಗೋಡೆಯ ಮೇಲಿನ ಸ್ಪೀಕರುಗಳಿಗೂ ಹಂಚಿಕೆಯಾಗುತ್ತವೆ. ನಡುವಿನದು ಹಳತಾಗಿ ಸೊರಗಿದರೆ, ಎಡಬಲದವು ಗಟ್ಟಿಯಾಗಿಯೇ ಇದ್ದರೆ, ಅಜನೀಶ್ ಲೋಕನಾಥರ ಡೊಳ್ಳು, ಚಂಡೆಗಳ ಕೆಳಗೆ ಮಾತು ಹೂತುಹೋಗುತ್ತದೆ. ಆಗ ಜನ “ಆವಾಜ್ ಕೊಡ್ರೀ” ಎಂದು ಕೂಗುತ್ತಾರೆ, ಆಪರೇಟರ್ ಒಟ್ಟು ಧ್ವನಿಯನ್ನೇ ಏರಿಸುತ್ತಾನೆ, ಡೊಳ್ಳು ಇನ್ನೂ ಜೋರಾಗುತ್ತದೆ, ಮಾತು ಇದ್ದಲ್ಲೇ ಇರುತ್ತದೆ. ಬೆಳಕಿನದೂ ಅದೇ ಕಥೆ. ಪ್ರೊಜೆಕ್ಟರಿನ ಜೆನಾನ್ ದೀಪ ಗಂಟೆಗಳ ಲೆಕ್ಕದಲ್ಲಿ ಸವೆಯುವ ವಸ್ತು, ಹೊಸದು ದುಬಾರಿ. ಅವಧಿ ಮುಗಿದ ದೀಪವನ್ನೇ ಎಳೆದಾಡಿದರೆ ಹಗಲಿನ ದೃಶ್ಯ ಹೇಗೋ ನಡೆಯುತ್ತದೆ, ಅರವಿಂದ್ ಕಶ್ಯಪ್ ಪಂಜಿನ ಬೆಳಕಿನಲ್ಲಿ ತೆಗೆದ ರಾತ್ರಿಯ ದೃಶ್ಯಗಳು ಮಸಿ ಬಳಿದಂತೆ ಕಾಣುತ್ತವೆ.

‘ಸು ಫ್ರಮ್ ಸೋ’ ಅದೇ ಟಾಕೀಸಿನಲ್ಲಿ ನಿಮಗೆ ಚೆನ್ನಾಗಿ ಕಂಡಿತೆಂದರೆ, ಅದರ ಬಹುಪಾಲು ಮನೆಯಂಗಳದ ಮಾತುಕತೆ ಎಂಬುದೂ ಒಂದು ಕಾರಣ. ಹಳೆಯ ಸ್ಪೀಕರ್ ಅಷ್ಟನ್ನು ತಡೆದುಕೊಳ್ಳುತ್ತದೆ. ನಿಮ್ಮ ಮಗ ಮೂರು ಸಲ ಎಲ್ಲಿ ನೋಡಿದನೆಂದು ಒಮ್ಮೆ ಕೇಳಿ ನೋಡಿ.

ಆದರೆ ದೈವದ ಆವೇಶ ಎರಡನೆಯ ಸಲಕ್ಕೆ ಸಪ್ಪೆಯಾಯಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊನೆಯಲ್ಲಿ ಬರುವುದು ಬೇರೆಯ ಶಕ್ತಿ, ಅದರ ಚಲನೆ ಬೇರೆ, ಕಣ್ಣಿನ ನೋಟ ಬೇರೆ. ರಿಷಬ್ ಶೆಟ್ಟಿ ಆ ಹದಿನೈದು ನಿಮಿಷ ಮಾಡಿರುವುದನ್ನು ಮೊದಲ ಚಿತ್ರದ ಮೂಸೆಯಲ್ಲಿಟ್ಟು ತೂಗಿದರೆ ನಟನಿಗೆ ಅನ್ಯಾಯವಾಗುತ್ತದೆ.

ಘಟಪ್ರಭೆಯ ದಂಡೆಯವಳು, ಮುಧೋಳ:

ಕಥೆಯ ಗುಟ್ಟು ಬಿಟ್ಟುಕೊಡದೆ ನನ್ನ ಮಾತು ಹೇಳಲಾಗುವುದಿಲ್ಲ. ಎರಡೂ ಚಿತ್ರ ನೋಡದವರು ಈ ಉತ್ತರವನ್ನು ದಾಟಿ ಮುಂದೆ ಹೋಗಬಹುದು.

ಇಬ್ಬರು ಗಂಡಸರೂ ‘ಸು ಫ್ರಮ್ ಸೋ’ ಚಿತ್ರವನ್ನು ಊರ ಜನರ ಮುಗ್ಧ ಹಾಸ್ಯವೆಂಬಂತೆ ಬರೆದಿದ್ದೀರಿ. ನಾವು ನಾಲ್ವರು ಗೆಳತಿಯರು, ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಹೇಗೂ ಇಲ್ಲವೆಂದು, ಮುಧೋಳದಿಂದ ಬಾಗಲಕೋಟೆಗೆ ಬಂದು ಅದನ್ನು ನೋಡಿದೆವು. ನಕ್ಕೆವು, ಸುಳ್ಳು ಹೇಳುವುದಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಮ್ಮಲ್ಲೊಬ್ಬಳು, “ಅಲ್ಲವೇ, ಅವನು ಬಚ್ಚಲಕ್ಕ ಇಣುಕಾಕ ಹೋಗಿದ್ದಲ್ಲ?” ಎಂದು ಕೇಳಿದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಇಡೀ ಕಥೆ ಹುಟ್ಟುವುದೇ ಅಲ್ಲಿಂದ: ಅಶೋಕ ಸಿಕ್ಕಿಬೀಳುತ್ತಾನೆ, ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರೆಲ್ಲ ಸುಲೋಚನಾಳ ಹಿಂದೆ ಬೀಳುತ್ತದೆ. ದೆವ್ವದ ಗದ್ದಲದಲ್ಲಿ ಆ ಬಚ್ಚಲಿನ ವಿಷಯ ಎಲ್ಲರಿಗೂ ಮರೆತುಹೋಗುತ್ತದೆ. ಚಿತ್ರ ತೆಗೆದವರಿಗೂ ಸ್ವಲ್ಪ ಮರೆತೇಹೋಯಿತೇನೋ ಎಂಬುದು ನನ್ನ ದೂರು. ಉತ್ತರಾರ್ಧದಲ್ಲಿ ಸುಲೋಚನಾಳ ಮಗಳು ಭಾನುವಿನ ಸಂಕಟಕ್ಕೆ ಕಥೆ ಹೊರಳಿದಾಗ ಅದು ಗಂಭೀರವಾಗುತ್ತದೆ, ಸಂಧ್ಯಾ ಅರಕೆರೆ ಅವರ ಅಭಿನಯವೂ ಹಾಗೆಯೇ ಇದೆ. ಅವಳಿಗೆ ಸಹಾಯ ಮಾಡಿದ್ದರಿಂದ ಅವನ ಪಾಪ ತೊಳೆದುಹೋಯಿತು ಎಂಬ ಲೆಕ್ಕ ಮಾತ್ರ ನನಗೆ ಅಷ್ಟು ಸುಲಭವಾಗಿ ಕೂಡಲಿಲ್ಲ.

‘ಅಧ್ಯಾಯ 1’ರಲ್ಲಿ ನನ್ನನ್ನು ಹಿಡಿದಿಟ್ಟದ್ದು ಕಾಳಗವಲ್ಲ, ಕನಕವತಿ. ಮೊದಲರ್ಧದಲ್ಲಿ ಇವಳೂ ನಾಯಕನನ್ನು ನೋಡಿ ನಾಚುವ ಇನ್ನೊಬ್ಬ ರಾಜಕುಮಾರಿ ಎಂದುಕೊಂಡು ಬೇಸರಪಟ್ಟಿದ್ದೆ. ಅವಳ ಒಲವಿನ ಹಿಂದೆ ಲೆಕ್ಕಾಚಾರವಿತ್ತು ಎಂದು ತಿಳಿದ ಮೇಲೆ ಹಿಂದಿನ ಒಂದೊಂದು ನಗುವೂ ಬೇರೆಯಾಗಿ ಕಾಣತೊಡಗಿತು. ರುಕ್ಮಿಣಿ ವಸಂತ್ ಆ ತಿರುವನ್ನು ಕಣ್ಣಿನಲ್ಲೇ ತಂದಿದ್ದಾರೆ. ದೊಡ್ಡ ಚಿತ್ರವೊಂದರಲ್ಲಿ ಹೆಣ್ಣಿಗೆ ಬುದ್ಧಿಯೂ ಅಧಿಕಾರದ ಆಸೆಯೂ ಇರಬಹುದು ಎಂದು ತೋರಿಸಿದ್ದಕ್ಕೆ ನನ್ನ ಮೆಚ್ಚುಗೆಯಿದೆ. ಮಾಸ್ತರರು ಅವಳ ಹೆಸರನ್ನೇ ಎತ್ತದಿರುವುದು ಆಶ್ಚರ್ಯ.

ಜವಳಿ ಅಂಗಡಿ, ಇಳಕಲ್:

ಚಿತ್ರದ ಗುಣದ ಜೊತೆಗೆ ಅದಕ್ಕೆ ಕೊಟ್ಟ ದುಡ್ಡನ್ನೂ ಲೆಕ್ಕ ಹಿಡಿಯಿರಿ. ಸರಕಾರ ಸೆಪ್ಟೆಂಬರ್ 12ರಂದು ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು, 23ರಂದು ಹೈಕೋರ್ಟಿನ ತಡೆಯಾಜ್ಞೆ ಬಂತು, ಅಕ್ಟೋಬರ್ 2ಕ್ಕೆ ದೊಡ್ಡ ಚಿತ್ರ ಬಂತು. ಹುಬ್ಬಳ್ಳಿಯಲ್ಲಿ ಐದು ಮಂದಿಗೆ ಆದ ಖರ್ಚಿನಲ್ಲಿ ನಮ್ಮ ಅಂಗಡಿಯಲ್ಲಿ ಒಂದು ಒಳ್ಳೆಯ ಸೀರೆ ಬರುತ್ತಿತ್ತೆಂದು ಹೆಂಡತಿ ಇನ್ನೂ ಹೇಳುತ್ತಾಳೆ. ಚಿತ್ರ ನನಗೆ ಹಿಡಿಸಿತು. ಅವಳಿಗೆ ಹಿಡಿಸಿತೋ ಇಲ್ಲವೋ ಕೇಳುವ ಧೈರ್ಯವಾಗಿಲ್ಲ.

ಟಿಳಕವಾಡಿಯ ಓದುಗ, ಬೆಳಗಾವಿ:

ಬೆಳಗಾವಿಯಲ್ಲಿ ಒಂದೇ ವಾರದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ನೋಡುವ ಅನುಕೂಲವಿದೆ. ಹಾಗಾಗಿ ನನ್ನ ಹೋಲಿಕೆ ಬೇರೆ ಕಡೆಯಿಂದ ಬರುತ್ತದೆ. ‘ಅಧ್ಯಾಯ 1’ಕ್ಕೆ ಮೂರು ವಾರ ಮೊದಲು ಸೆಪ್ಟೆಂಬರ್ 12ರಂದು ‘ದಶಾವತಾರ’ ಎಂಬ ಮರಾಠಿ ಚಿತ್ರ ತೆರೆಕಂಡಿತು. ಕೊಂಕಣದ ದಶಾವತಾರ ಆಟದ ಮುದಿ ಕಲಾವಿದನೊಬ್ಬನ ಕಥೆ ಅದು; ಕಣ್ಣು ಮಂಜಾಗುತ್ತಿದ್ದರೂ ಬಣ್ಣ ಹಚ್ಚುವುದನ್ನು ಬಿಡಲಾರದ ಬಾಬುಲಿ ಮೇಸ್ತ್ರಿಯಾಗಿ ಎಂಬತ್ತು ದಾಟಿದ ದಿಲೀಪ್ ಪ್ರಭಾವಳ್ಕರ್ ನಟಿಸಿದ್ದಾರೆ. ಕಡಲ ಬದಿಯ ಕಾಡು, ದೇವರು, ವೇಷ, ನೆಲದ ಮೇಲೆ ಕಣ್ಣಿಟ್ಟ ಹೊರಗಿನವರು ಎಲ್ಲವೂ ಅದರಲ್ಲೂ ಇವೆ. ಅಲ್ಲಿ ವೇಷದೊಳಗಿನ ಮನುಷ್ಯ ಕೊನೆಯವರೆಗೂ ನನ್ನ ಕಣ್ಣೆದುರಿಗಿದ್ದ. ‘ಅಧ್ಯಾಯ 1’ರಲ್ಲಿ ಬೆರ್ಮೆ ಎಂಬ ಮನುಷ್ಯ ಮಧ್ಯಂತರದ ಹೊತ್ತಿಗೆ ಕಾಣೆಯಾಗಿ, ಅವನ ಜಾಗದಲ್ಲಿ ವೀರನೊಬ್ಬ ಮಾತ್ರ ಉಳಿದ. ಮಾಸ್ತರರ ಬೇಸರಕ್ಕೆ ನಿಜವಾದ ಕಾರಣ ಇದಿರಬಹುದು. ಸ್ಪೀಕರ್ ಎಷ್ಟೇ ಒಳ್ಳೆಯದಿದ್ದರೂ ಅದು ತುಂಬುವುದಿಲ್ಲ. ನಾನು ನೋಡಿದ್ದು ಒಳ್ಳೆಯ ಧ್ವನಿವ್ಯವಸ್ಥೆಯಲ್ಲೇ ಎಂಬುದನ್ನು ವಿಜಯಪುರದವರ ಗಮನಕ್ಕೆ ತರುತ್ತೇನೆ.

ಎರಡನೆಯ ವಿಷಯ ಭಾಷೆಯದು. ‘ಸು ಫ್ರಮ್ ಸೋ’ ನೋಡುವಾಗ ಪಕ್ಕದಲ್ಲಿದ್ದ ನನ್ನ ತಾಯಿ, “ಇವರು ಮಾತಾಡಾಕತ್ತಿದ್ದು ಕನ್ನಡಾನೇ ಏನೋ?” ಎಂದು ಎರಡು ಸಲ ಕೇಳಿದರು. ಹಾಗೆಂದು ಅವರು ಎದ್ದು ಬರಲಿಲ್ಲ, ಅರ್ಧ ಗಂಟೆಯಲ್ಲಿ ಕಿವಿ ಹೊಂದಿಕೊಂಡಿತು. ಕರಾವಳಿಯವರು ತಮ್ಮ ಮಾತನ್ನು ತಿದ್ದದೆ ತೆರೆಗೆ ತಂದರು, ಉಳಿದ ನಾಡು ಹೋಗಿ ನೋಡಿತು. ನಮ್ಮ ಮಾತು ತೆರೆಗೆ ಬರುವುದು ಹೆಚ್ಚಾಗಿ ಹಾಸ್ಯನಟನ ಬಾಯಲ್ಲಿ, ಅದೂ ಪ್ರತಿ ಪದಕ್ಕೂ ‘ರೀ’ ಅಂಟಿಸಿ. ಇದಕ್ಕೆ ಅಪವಾದವಾಗಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ಇದೆ. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಅಲ್ಲಿಯ ಜನರನ್ನೇ ಇಟ್ಟುಕೊಂಡು ಮಾಡಿದ ಚಿತ್ರ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಸಾಲ ತೆಗೆದು, ಒಬ್ಬರಿಂದ ಒಬ್ಬರನ್ನು ಸೇರಿಸುತ್ತ ಮಾಲು ಮಾರುವ ಚೈನು ವ್ಯಾಪಾರಕ್ಕೆ ಬೀಳುವ ಕಥೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಅದು ಇಲ್ಲಿ ಬಿಡುಗಡೆಯಾದದ್ದು 2024ರ ಜೂನಿನಲ್ಲಿ. ನಾನು ಹೋದ ಆಟದಲ್ಲಿ ನನ್ನನ್ನು ಸೇರಿಸಿ ಒಂಬತ್ತು ಜನರಿದ್ದೆವು. ಶಿವಮ್ಮ ಊರಿನವರ ಮನೆ ಮನೆಗೆ ಡಬ್ಬಿ ಹೊತ್ತುಕೊಂಡು ಹೋಗುವಾಗ ನನ್ನ ಹಿಂದೆ ಕುಳಿತ ಅಜ್ಜ, “ಬ್ಯಾಡವಾ, ಮುಳುಗ್ತಿ” ಎಂದು ಪರದೆಗೇ ಹೇಳಿದ. ಇತ್ತೀಚೆಗೆ ಟಾಕೀಸಿನಲ್ಲಿ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಅದರ ನಿರ್ಮಾಪಕರೂ ರಿಷಬ್ ಶೆಟ್ಟಿಯವರೇ ಎಂಬುದನ್ನು, ಅವರ ಚಿತ್ರವನ್ನು ಈಗಷ್ಟೇ ಟೀಕಿಸಿದವನಾಗಿ, ಹೇಳದೆ ಇರಲಾಗದು.

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ:

ಎಲ್ಲರಿಗೂ ಧನ್ಯವಾದ. ಮಗನನ್ನು ಕೇಳಿದೆ. ಮೂರರಲ್ಲಿ ಎರಡು ಸಲ ಅವನು ನೋಡಿದ್ದು ಹುಬ್ಬಳ್ಳಿಯಲ್ಲಿ. ಪರೀಕ್ಷೆಯ ಅರ್ಜಿ ಕಟ್ಟಲು ಹೋಗುತ್ತೇನೆಂದು ಹೇಳಿ ಹೋಗಿದ್ದ. ವಿಜಯಪುರದವರ ಸಂಶಯ ಅಷ್ಟರಮಟ್ಟಿಗೆ ಸರಿ, ಮನೆಯಲ್ಲಿ ಹೊಸದೊಂದು ಜಗಳಕ್ಕೂ ಅದು ದಾರಿಯಾಯಿತು.

ಕನಕವತಿಯ ಹೆಸರು ಬಿಟ್ಟದ್ದು ನನ್ನ ತಪ್ಪು. ಅವಳ ತಿರುವು ನನಗೆ ತಿಳಿದದ್ದೇ ತಡವಾಗಿ, ಏಕೆಂದರೆ ಆ ಮಾತುಗಳು ಡೊಳ್ಳಿನಡಿ ಹೋಗಿದ್ದವು. ಬಚ್ಚಲಿನ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ತಂಗಿ. ಎರಡು ಸಲ ನೋಡಿಯೂ ನಾನು ಅದನ್ನು ಯೋಚಿಸಿರಲಿಲ್ಲ. ಜೊತೆಗೆ ಬಂದಿದ್ದ ನನ್ನ ಹೆಂಡತಿಗೆ ಹೇಳಿದಾಗ, “ನನಗ ಆವತ್ತ ಅನಿಸಿತ್ತು, ನೀವು ನಗಾಕತ್ತಿದ್ರಿ ಅಂತ ಸುಮ್ಮನಿದ್ದೆ” ಎಂದಳು.

ಬೆರ್ಮೆ ಮಧ್ಯಂತರದಲ್ಲಿ ಕಾಣೆಯಾದನೆಂಬ ಮಾತು ನಾನು ಹೇಳಲು ಹೋಗಿ ಹೇಳಲಾಗದೆ ಬಿಟ್ಟದ್ದು. ಆದರೂ ನ್ಯಾಯವಾಗಿ ಇನ್ನೊಮ್ಮೆ ನೋಡಬೇಕು. ಬರುವ ತಿಂಗಳು ಹುಬ್ಬಳ್ಳಿಯಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶವಿದೆ. ಅಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿರದಿದ್ದರೆ ನೋಡಿ ಬಂದು ಇಲ್ಲಿಯೇ ಬರೆಯುತ್ತೇನೆ. ಇಲ್ಲಿಯ ಟಾಕೀಸಿನ ಮ್ಯಾನೇಜರರಿಗೂ ನಡುವಿನ ಸ್ಪೀಕರಿನ ವಿಷಯ ಹೇಳಿದೆ. ಮುಂದಿನ ಚಿತ್ರ ಯಾವುದೆಂದು ನನ್ನನ್ನೇ ಕೇಳಿದರು.